ಒಂದು ಬನ್ನಿಗೆ ಕೊಂಡ ಉತ್ತರ

ಎಂಬಿಬಿಎಸ್ ಕೊನೇ ವರ್ಷದ ಮೆಡಿಸಿನ್ ಪ್ರಾಕ್ಟಿಕಲ್‌ನಲ್ಲಿ ನಾನು ಫೇಲಾಗಿದ್ದು ಚೌಕಾಸಿಯಿಂದ. ಅಮ್ಮನ ಜೊತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸಂತೆಗಳಲ್ಲಿ ಸೊಪ್ಪು ಮಾರಿ ಬೆಳೆದವಳು ನಾನು. ಯಾವುದನ್ನೂ ಹೇಳಿದ ರೇಟಿಗೆ ಕೊಂಡವಳಲ್ಲ.

ನಮ್ಮ ಕಾಲೇಜಿನ ಪರೀಕ್ಷೆಗೆ ಪ್ರತಿ ಸಲ ಜಗಳೂರು ಕಡೆಯ ಒಬ್ಬ ಅಕ್ಕನನ್ನು ಕರೆಸಿ ಮಂಚದ ಮೇಲೆ ಮಲಗಿಸುತ್ತಿದ್ದರು. ಆಕೆಯ ಹೃದಯದ ಎಡಗಡೆ ಕವಾಟ ಬಿಗಿದುಕೊಂಡಿತ್ತು. ವಿದ್ಯಾರ್ಥಿಗಳ ಉತ್ತರ ಕೇಳಿ ಕೇಳಿ ತನ್ನ ಕಾಯಿಲೆಯ ಇಂಗ್ಲಿಷ್ ಹೆಸರು ಆಕೆಗೆ ಬಾಯಿಪಾಠ. ಹೇಳಲು ಎರಡು ಬನ್ನು ಕೇಳಿದಳು.

"ಒಂದು ಬನ್ನು, ಒಂದು ಟೀ. ಬ್ಯಾಡಂದ್ರೆ ಬಿಡು," ಅಂದೆ.

"ಎಂಥಾ ಜಿಪುಣಿನೇ ತಾಯಿ! ಆಯ್ತು ಬರ್ಕೋ, ಮೈಟ್ರಲ್ ಸ್ಟೆನೋಸಿಸ್."

ಬರೆದುಕೊಂಡೆ. ಸ್ಟೆತಾಸ್ಕೋಪ್ ಎದೆಗಿಟ್ಟಿದ್ದು ಶಾಸ್ತ್ರಕ್ಕೆ. ಆ ಕಾಯಿಲೆಗೆ ಏನೇನು ಕೇಳಿಸಬೇಕೆಂದು ಪುಸ್ತಕದಲ್ಲಿತ್ತೋ ಅಷ್ಟನ್ನೂ ಪರೀಕ್ಷಕರೆದುರು ಒಪ್ಪಿಸಿದೆ. ನಮ್ಮ ಪ್ರೊಫೆಸರು ಪೂರ್ತಿ ಹೇಳಲು ಬಿಟ್ಟು ಆಮೇಲೆ ಕೇಳಿದರು: "ಈಕೆಗೆ ಹೋದ ವರ್ಷವೇ ಬಲೂನ್ ಹಾಕಿ ಕವಾಟ ಬಿಡಿಸಿದ್ದಾರೆ. ಈಗ ಅದು ಸೋರ್ತಿದೆ. ಇಲ್ಲದ ಶಬ್ದ ನಿನಗೆ ಹೇಗಮ್ಮ ಕೇಳಿಸ್ತು?"

ಅಕ್ಕನ ಕಡೆ ತಿರುಗಿದೆ.

"ಒಂದು ಬನ್ನಿಗೆ ಹೆಸರಷ್ಟೇ. ಬಲೂನಿನ ವಿಷ್ಯ ನೀನು ಕೇಳ್ಲೇ ಇಲ್ವಲ್ಲವ್ವ," ಅಂದಳು.

"ನಿನಗ್ಯಾಕಮ್ಮ ಹೃದಯ? ಹೋಗಿ ಸೊಪ್ಪು ಮಾರು," ಅಂದರು ಅಮ್ಮನ ಕಸುಬು ಗೊತ್ತಿದ್ದ ಪ್ರೊಫೆಸರು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರೂ ನಕ್ಕರು.

ತಪ್ಪು ನನ್ನದೇ. ಆದರೆ ಫೇಲ್ ಮಾಡೋದು ಬೇರೆ, ಅಮ್ಮನ ಬುಟ್ಟಿ ಒದೆಯೋದು ಬೇರೆ. ಮುಂದಿನ ಆರು ತಿಂಗಳು ಓದಿದ್ದೆಲ್ಲ ಆ ಮನುಷ್ಯನ ಬಾಯಿ ಮುಚ್ಚಿಸಲಿಕ್ಕೆ. ಇನ್ನೊಂದು ಸಲ ಬಿದ್ದರೆ ಅವರ ಮಾತೇ ನಿಜವಾಗುತ್ತಿತ್ತು.

ಪರೀಕ್ಷೆಗೆ ಕೂರೋರು ಕೇಳಿಸ್ಕೊಳ್ಳಿ. ಕಾಯಿಲೆಯ ಹೆಸರು ಹಿಡಿದುಕೊಂಡು ರೋಗಿ ಹತ್ತಿರ ಹೋಗಬೇಡಿ. ಹಿಂದೆ ಏನು ಚಿಕಿತ್ಸೆ ಆಗಿದೆ, ಮೊದಲು ಅದನ್ನು ವಿಚಾರಿಸಿ. ಆಮೇಲೆ ಮಣಿಕಟ್ಟಿನ ನಾಡಿ, ಕೊರಳು, ಎದೆಯ ಮೇಲೆ ಅಂಗೈ. ಸ್ಟೆತಾಸ್ಕೋಪ್ ಎಲ್ಲದಕ್ಕೂ ಕಡೆಗೆ, ಅದೂ ಒಂದು ಬೆರಳನ್ನು ಕೊರಳ ನಾಡಿಯ ಮೇಲೆ ಇಟ್ಟುಕೊಂಡೇ. ಈ ಕವಾಟದಲ್ಲಿ ಶಬ್ದ ನಾಡಿಬಡಿತದ ಜೊತೆಗೇ ಬಂದರೆ ಸೋರಿಕೆ. ಬಡಿತ ಮುಗಿದ ಮೇಲೆ ಗುಡುಗುಟ್ಟಿದರೆ ಬಿಗಿತ. ನಾನು ಇದನ್ನು ರೂಢಿ ಮಾಡಿಕೊಂಡಿದ್ದು ಹೊನ್ನಾಳಿ ಸಂತೆಯಲ್ಲಿ, ಅಮ್ಮ ಸೊಪ್ಪಿನ ಕಟ್ಟು ಕಟ್ಟುವಾಗ ಆಕೆಯ ಕೊರಳಿಗೆ ಬೆರಳಿಟ್ಟು.

"ಯಾಕವ್ವ, ಮಗಳು ಕುತ್ತಿಗೆ ಹಿಸುಕ್ತಾಳಲ್ಲ?" ಅಂದಳೊಬ್ಬ ಗಿರಾಕಿ.

"ಓದ್ತಾ ಅದಾಳೆ, ಸುಮ್ನಿರ್ರಿ," ಅಂದಳು ಅಮ್ಮ.

ಮರುಪರೀಕ್ಷೆಗೆ ಅದೇ ಮಂಚ, ಅದೇ ಪ್ರೊಫೆಸರು, ಅದೇ ಅಕ್ಕ. "ಈ ಸಲ ಪುಕ್ಕಟೆ ಹೇಳ್ತೀನಿ ಬಾರವ್ವ," ಅಂದಳು.

"ಬಾಯಿ ತೆಗೆದ್ರೆ ನೋಡು."

ಕೇಳಬೇಕಾದ್ದು ಕೇಳಿದೆ, ಮುಟ್ಟಬೇಕಾದ್ದು ಮುಟ್ಟಿದೆ. ಪ್ರೊಫೆಸರು ಬಿಡಲಿಲ್ಲ. ಶಬ್ದ ಎಲ್ಲಿಗೆ ಹರಡುತ್ತೆ? ಕಂಕುಳಿಗೆ ಸಾರ್. ಬಿಗಿತ ಮತ್ತೆ ಬರ್ತಿದೆಯಾ? ಸ್ವಲ್ಪ ಇದೆ, ಎಡಮಗ್ಗುಲಿಗೆ ತಿರುಗಿಸಿದರೆ ಕೇಳುತ್ತೆ, ನೀವೇ ಕೇಳಿ. ಹೊರಗಿನ ಪರೀಕ್ಷಕರು ತಾವೇ ಕಿವಿಗೊಟ್ಟು ಕೇಳಿ, "ಸಾಕು ಬಿಡಿ ಸಾರ್," ಅಂದರು. ಆಗ ಪ್ರೊಫೆಸರ ಮುಖವನ್ನು ಕಣ್ತುಂಬ ನೋಡುತ್ತಾ ನಿಂತೆ.

ಪಾಸಾದ ದಿನ ಬೇರಿನ ಮಣ್ಣೂ ಉದುರಿಸದೆ ಒಂದು ಕಟ್ಟು ಮೆಂತ್ಯ ಸೊಪ್ಪು ಅವರ ಮೇಜಿನ ಮೇಲಿಟ್ಟೆ.

"ಏನಮ್ಮ ಇದು?"

"ಸೊಪ್ಪು ಮಾರು ಅಂದಿದ್ರಲ್ಲ ಸಾರ್."

"ನಾನಾ? ಯಾವಾಗ?"

ಮರೆತೇ ಬಿಟ್ಟಿದ್ದರು. ಆರು ತಿಂಗಳು ನಾನು ಹೊತ್ತು ತಿರುಗಿದ ಮಾತನ್ನು ಆ ಮನುಷ್ಯ ಅವತ್ತೇ ಅಲ್ಲೇ ಬಿಟ್ಟು ಮನೆಗೆ ಹೋಗಿದ್ದರು. ಸುಮ್ಮನೆ ಬರಬಹುದಿತ್ತು, ಬರಲಿಲ್ಲ. ಅಲ್ಲಿದ್ದ ಇಬ್ಬರು ಕಿರಿಯ ಡಾಕ್ಟರುಗಳೆದುರು ಮಂಚ, ಬನ್ನು, ಅವರ ಮಾತು, ಆ ನಗು, ಎಲ್ಲವನ್ನೂ ರೋಗಿಯ ಹಿಸ್ಟರಿ ಒಪ್ಪಿಸಿದ ಹಾಗೆ ಒಂದೂ ಬಿಡದೆ ಒಪ್ಪಿಸಿದೆ. ಪ್ರೊಫೆಸರ ಕಿವಿ ಕೆಂಪಾಯಿತು.

"ಎಷ್ಟಮ್ಮ ಇದಕ್ಕೆ?" ಅಂದರು ಕೊನೆಗೆ, ಮೆತ್ತಗೆ, ಜೇಬಿಗೆ ಕೈ ಹಾಕುತ್ತಾ.

ಹುಟ್ಟಿದಾಗಿಂದ ಮೊದಲ ಸಲ ರೇಟು ಹೇಳದೆ ಹೊರಟು ಬಂದೆ. ದುಡ್ಡು ಕೊಟ್ಟಿದ್ದರೆ ಮತ್ತೆ ಮರೆಯುತ್ತಿದ್ದರು.