ಕಾಕಾನ ಗುಳಿಗೆ, ನನ್ನ ರೊಟ್ಟಿ

ಕಲ್ಲು ಹಾಸುವ ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಉಣ್ಣುವವರ ಬಾಯಿಯನ್ನು ಖಾಲಿ ಕೈಯವನು ನೋಡಬಾರದು. ಬುತ್ತಿ ಬಿಚ್ಚಿದಾಗ ಯಾರಾದರೂ ಎದುರಿಗೆ ಬಂದರೆ ಒಂದು ತುಂಡು ರೊಟ್ಟಿ ಮುರಿದು ಅವರ ಕೈಗಿಟ್ಟ ಮೇಲೇ ನಾವು ತುತ್ತು ಎತ್ತುತ್ತಿದ್ದೆವು. ಅವರು ಬೇಡವೆಂದರೆ ಮುಖ ಆಚೆ ಮಾಡಿ ನಿಲ್ಲಬೇಕು. ಹಿರಿಯರ ವಿಷಯದಲ್ಲಿ ಇದು ಇನ್ನೂ ಬಿಗಿ. ಮೇಸ್ತ್ರಿ ಉಣ್ಣುವಾಗ ಅವರ ಬಾಯಿ ನೋಡಿದವನ ಬೆನ್ನಿಗೆ ಒದ್ದೆ ಟವೆಲ್ಲಿನ ಏಟು ಬೀಳುತ್ತಿತ್ತು. ನನಗೂ ಬಿದ್ದಿದೆ.

ಈಚೆಗೆ ಪೇಪರಿನಲ್ಲಿ ಕ್ಷಯದ ಬಗ್ಗೆ ಬರೆದಿದ್ದರು. ಹಿಂದಿನಂತೆ ದಿನ ಬಿಟ್ಟು ದಿನ ಅಲ್ಲ, ಈಗ ಗುಳಿಗೆಯನ್ನು ದಿನವೂ ಕೊಡುತ್ತಾರಂತೆ. ರೋಗಿ ನುಂಗುವುದನ್ನು ಫೋನಿನಲ್ಲೇ ನೋಡಿದರೆ ಸಾಕೋ ಎಂದು ಪರೀಕ್ಷೆ ಮಾಡುತ್ತಿದ್ದಾರಂತೆ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಸಂಶೋಧನೆಯ ಒಳಸುಳಿ ನನಗೆ ತಿಳಿಯದು. ಆದರೆ ಆ ನೋಡುವ ಕೆಲಸವನ್ನು ನಾನು ಮಾಡಿದ್ದೇನೆ. ಕಲ್ಲು ಹೊತ್ತು ಮೂರನೇ ಮಹಡಿ ಹತ್ತುವುದಕ್ಕಿಂತ ಹೆಚ್ಚು ದಣಿಸಿದ ಕೆಲಸ ಅದು.

ಶಹಾಬಾದ್ ಕಡೆಯಿಂದ ಬೆಂಗಳೂರಿಗೆ ಬಂದಾಗ ನನಗಿನ್ನೂ ಮೀಸೆ ಬಂದಿರಲಿಲ್ಲ. ನಮ್ಮೂರಿನವರೇ ಆದ ಮೇಸ್ತ್ರಿಯೊಬ್ಬರು ನನ್ನನ್ನು ಕರೆತಂದು ಕೈಗೆ ಉಳಿ ಕೊಟ್ಟರು. ರಕ್ತಸಂಬಂಧ ಇರಲಿಲ್ಲ, ಆದರೂ ನಾನು ಅವರನ್ನು ಕಾಕಾ ಎಂದೇ ಕರೆದೆ, ಅವರ ಹೆಂಡತಿಯನ್ನು ಕಾಕು ಎಂದೆ. ಇಂದಿರಾನಗರದಲ್ಲಿ ಆಗ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಭರ. ಇಡೀ ದಿನ ಕಲ್ಲು ಕೊಯ್ದು, ಉಜ್ಜಿ, ಸಂಜೆ ನಾವು ಹಿಟ್ಟಿನ ಗಿರಣಿಯವರ ಹಾಗೆ ಬೆಳ್ಳಗಾಗಿ ಬಸ್ಸು ಹತ್ತುತ್ತಿದ್ದೆವು. ಕಾಕಾ ಬಾಯಿಗೆ ಬಟ್ಟೆ ಕಟ್ಟುತ್ತಿರಲಿಲ್ಲ, ಬೀಡಿ ಸೇದಲು ಅಡ್ಡ ಬರುತ್ತದೆ ಎನ್ನುತ್ತಿದ್ದರು. ಹತ್ತು ವರ್ಷದಲ್ಲಿ ನಾನು ಗರುಡಾಚಾರ್‌ಪಾಳ್ಯದಲ್ಲಿ ಸ್ವಂತ ಶೆಡ್ಡು ಹಾಕಿ, ಕಲ್ಲು ಕೊಯ್ಯುವ ಮಿಷನ್ನು ಇಟ್ಟೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ನಾನು ಹಾಸಿದ ನೆಲದ ಮೇಲೆ ಒಂದು ಚೊಂಬು ನೀರು ಚೆಲ್ಲಿ ನೋಡಿ, ಎಲ್ಲೂ ನಿಲ್ಲದೆ ಮೋರಿಗೇ ಹೋಗುತ್ತದೆ. ಅದನ್ನು ಕಲಿಸಿದವರು ಕಾಕಾ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಕೆಮ್ಮು ನಿಲ್ಲದಾಯಿತು. ಅದಕ್ಕೂ ಮೊದಲು ಎರಡು ಸಲ ಶಿವಾಜಿನಗರದ ಒಬ್ಬ ಖಾಸಗಿ ಡಾಕ್ಟರ ಹತ್ತಿರ ಕ್ಷಯದ ಗುಳಿಗೆ ತಂದಿದ್ದರು. ಎರಡು ಸಲವೂ ಕೆಮ್ಮು ಕಮ್ಮಿಯಾಗಿ ಊಟ ಸೇರತೊಡಗಿದ ಕೂಡಲೇ ಗುಳಿಗೆ ಬಿಟ್ಟು ಕೆಲಸಕ್ಕೆ ಹೋಗಿದ್ದರು. ಮೂರನೇ ಸಲ ಕಫದಲ್ಲಿ ರಕ್ತ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿಸಿಕೊಂಡು ಸೂಜಿ ಹಾಕಿ, ಉಳಿದ ತಿಂಗಳುಗಳ ಗುಳಿಗೆಯನ್ನು ಒಂದು ರಟ್ಟಿನ ಡಬ್ಬಿಯಲ್ಲಿ ನಮ್ಮ ಕಡೆಯ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಡಬ್ಬಿಯ ಮೇಲೆ ಕಾಕಾನ ಹೆಸರು ಬರೆದಿತ್ತು.

ಆ ಡಬ್ಬಿ ಹಿಡಿದುಕೊಂಡೇ ಕೇಂದ್ರದ ಸಿಸ್ಟರು ನನ್ನ ಶೆಡ್ಡಿಗೆ ಬಂದರು. ಹಲಸೂರಿನವರು, ನಡುವಯಸ್ಸು, ಬಿಸಿಲಲ್ಲಿ ನಡೆದು ನಡೆದು ಮುಖ ಬಾಡಿತ್ತು. ಔಷಧ ಹೊಸದಲ್ಲ, ಕೊಡುವ ಕ್ರಮ ಹೊಸದು ಎಂದು ವಿವರಿಸಿದರು. ಜನ ಗುಳಿಗೆಯನ್ನು ಮನೆಗೆ ಒಯ್ದು ಅರ್ಧಕ್ಕೆ ಬಿಡುವುದರಿಂದಲೇ ಕಾಯಿಲೆ ಬಲಿಯುತ್ತದೆ ಎಂದು ದೊಡ್ಡವರು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ, ಆದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಒಬ್ಬರು ಎದುರಿಗೆ ಕೂತು ನುಂಗಿಸಬೇಕು. ಮನೆಯವರು ಆಗುವುದಿಲ್ಲ, ಅವರು ಕರಗಿಬಿಡುತ್ತಾರೆ. ಕಾಕಾ ಕೇಂದ್ರದ ಬಾಗಿಲಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಲಾರೆ ಎಂದಿದ್ದರಂತೆ. ಅವರ ಕೋಣೆಯ ಹತ್ತಿರ ಬೆಳಿಗ್ಗೆ ಬೇಗ ತೆರೆಯುವ ಜಾಗ ನನ್ನ ಶೆಡ್ಡು ಒಂದೇ.

"ಅಣ್ಣಾ, ಇದು ಮೂರನೇ ಸಲ," ಎಂದರು ಸಿಸ್ಟರು. "ಈ ಸಲನೂ ಬಿಟ್ರೆ ಆಮೇಲೆ ಕೊಡೋಕೆ ನನ್ನತ್ರ ಏನೂ ಇರಲ್ಲ. ಇಲ್ಲಿ ಯಾರತ್ರಾನೂ ಇರಲ್ಲ."

ಡಬ್ಬಿಯನ್ನು ಇಸಿದುಕೊಂಡು ಮಿಷನ್ನಿನ ಹಿಂದಿನ ಗೂಡಿನಲ್ಲಿ ಇಟ್ಟೆ.

ಮೊದಲ ಸೋಮವಾರ ಕಾಕಾ ಬಂದು ಕಲ್ಲಿನ ಅಟ್ಟಿಯ ಮೇಲೆ ಕೂತರು. ಅವರಂಥ ಎತ್ತರದ ಆಳು ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಗುಳಿಗೆ ಕಿತ್ತು ಅಂಗೈಗೆ ಹಾಕಿ ನೀರಿನ ಚೊಂಬು ಕೊಟ್ಟೆ. ಅವರು ಗುಳಿಗೆಯನ್ನೂ ನನ್ನನ್ನೂ ನೋಡಿ, ಆ ಕಡೆ ಮುಖ ಮಾಡು ಎಂದರು. ನಾನು ರಸ್ತೆಯ ಕಡೆ ತಿರುಗಿದೆ. ತಿರುಗದೆ ಹೇಗೆ? ಚೊಂಬು ಕೆಳಗಿಟ್ಟ ಸದ್ದಾದ ಮೇಲೆ ಈ ಕಡೆ ತಿರುಗಿದೆ. ಕೈ ಖಾಲಿ ಇತ್ತು. ಹೀಗೇ ಎರಡು ಮೂರು ವಾರ ನಡೆಯಿತು. ನುಂಗಿದ ಲೆಕ್ಕಕ್ಕೆಂದು ಸಿಸ್ಟರು ಕೊಟ್ಟಿದ್ದ ಕಾರ್ಡಿನಲ್ಲಿ ನಾನು ಗೆರೆ ಎಳೆಯುತ್ತ ಹೋದೆ.

ಒಂದು ದಿನ ಸಿಸ್ಟರು ನೇರ ಕಾಕಾನ ಕೋಣೆಗೆ ಹೋಗಿ ಕಾಕುವಿನ ಹತ್ತಿರ, ಯಜಮಾನರಿಗೆ ಮೂತ್ರ ಕೆಂಪಗೆ ಹೋಗುತ್ತದೆಯೇ ಎಂದು ಕೇಳಿದ್ದಾರೆ. ಆ ಗುಳಿಗೆಗಳಲ್ಲಿ ಒಂದು ಹೊಟ್ಟೆಗೆ ಹೋದರೆ ಆ ದಿನ ಹಾಗೆ ಆಗಲೇಬೇಕಂತೆ. ಕಾಕು ಪಾಪ, ಆಸ್ಪತ್ರೆಯಲ್ಲಿದ್ದಾಗ ಹೋಗುತ್ತಿತ್ತು, ಮನೆಗೆ ಬಂದ ಮೇಲೆ ಒಳ್ಳೆಯದಾಗಿದೆ, ಈಗ ಕೆಂಪು ಇಲ್ಲ ಎಂದು ಸಂತೋಷದಿಂದಲೇ ಹೇಳಿದ್ದಾರೆ. ಸಿಸ್ಟರು ಅಲ್ಲಿಂದ ನನ್ನ ಶೆಡ್ಡಿಗೆ ಬಂದರು. ಕೂಗಾಡಲಿಲ್ಲ. ನುಂಗಿದ್ದನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದರು. ಹಿರಿಯರ ಬಾಯಿ ನೋಡುವುದು ನಮ್ಮಲ್ಲಿಲ್ಲ ಎಂದೆ.

ಅವರು ಅಟ್ಟಿಯ ಮೇಲೆ ಕುಸಿದು ಕೂತು ಸೆರಗಿನಿಂದ ಕತ್ತು ಒರೆಸಿಕೊಂಡರು. "ನಿಮ್ಮಲ್ಲಿ ಇಲ್ಲ, ಸರಿ. ಆ ಕ್ರಿಮಿಗೆ ಯಾರಾದ್ರೂ ಹೇಳಿದ್ದೀರಾ ನಿಮ್ಮ ಪದ್ಧತಿನ?"

ಸಿಟ್ಟು ಬಂತು. ಇಂಥ ಮಾತನ್ನು ನಾನು ಇಂಜಿನಿಯರುಗಳಿಂದಲೂ ಕೇಳಿಸಿಕೊಂಡವನಲ್ಲ. ಆದರೆ ಆಕೆ ಅಷ್ಟು ಹೇಳಿ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು. ಆ ದಿನ ಆಕೆ ಇನ್ನೂ ಎಷ್ಟು ಬಾಗಿಲು ತಟ್ಟಬೇಕಿತ್ತೋ. ಚಾ ತರಿಸಿ ಕೊಟ್ಟೆ. ಕುಡಿದು ಎದ್ದರು.

ಬುಧವಾರ ಕಾಕಾ ಬಂದಾಗ ನಾನು ರಸ್ತೆಯ ಕಡೆ ತಿರುಗಲಿಲ್ಲ. ಅವರಿಗೆ ಅರ್ಥವಾಯಿತು. ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದು ಅಟ್ಟಿಯ ಮೇಲಿಟ್ಟರು. ಅಷ್ಟು ವಾರಗಳ ಗುಳಿಗೆ ಅದರಲ್ಲೇ ಇತ್ತು. ಔಷಧ ಚೆಲ್ಲಬಾರದೆಂದು ಎಸೆದಿರಲಿಲ್ಲ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಕೀಲು ಕೀಲು ಹಿಡಿಯುತ್ತದೆ, ಕಲ್ಲಿನ ಒಂದು ಮೂಲೆ ಸಹ ಎತ್ತಲಾಗುವುದಿಲ್ಲ ಎಂದರು. ನುಂಗದಿದ್ದರೆ ಏನಾಗುತ್ತದೆಂದು ಸಿಸ್ಟರು ಹೇಳಿದ್ದನ್ನು ನಾನು ಹೇಳಿದೆ. ಅವರಿಗೆ ಅದೂ ಗೊತ್ತಿತ್ತು.

"ನಿನ್ನ ಕೈಗಿ ಉಳಿ ಕೊಟ್ಟಾಂವ ನಾ," ಎಂದರು. "ನಾ ನುಂಗೋದು ನೀ ಕಾಯ್ಕೊಂಡ ಕೂಡ್ತಿ? ಹೊಲ ಕಾಯೋ ಬೆದರುಬೊಂಬಿ ಹಂಗ?"

ಹೂಡಿಯಲ್ಲಿ ನಾನು ನೆಲ ಹಾಸಬೇಕಿದ್ದ ಮನೆಯೊಂದಿತ್ತು, ಆಳುಗಳು ಆಗಲೇ ಬಸ್ಸು ಹತ್ತಿದ್ದರು. ಕೆಲಸ ಶುರುವಾಗುವ ಮೊದಲೇ ದಣಿದು ಹೋಗಿದ್ದೆ. ಏನು ಮಾಡುವುದೆಂದು ತೋಚದೆ, ಹೆಂಡತಿ ಮಧ್ಯಾಹ್ನಕ್ಕೆಂದು ಕಟ್ಟಿದ್ದ ಬುತ್ತಿಯನ್ನು ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ.

"ನೀವು ಗುಳಿಗಿ ತಿನ್ರಿ, ನಾ ರೊಟ್ಟಿ ತಿಂತೀನಿ," ಎಂದೆ. "ಇಬ್ಬರೂ ಕೂಡಿ ಉಂಡಂಗ ಆಯ್ತು. ಕೂಡಿ ಉಣ್ಣೋರು ಒಬ್ಬರ ಮಾರಿ ಒಬ್ಬರು ನೋಡಿದ್ರ ತಪ್ಪಿಲ್ಲಲ್ಲ."

ಕಾಕಾ ಬಗ್ಗಿ ರೊಟ್ಟಿಯನ್ನು ನೋಡಿದರು. ಆಮೇಲೆ, "ನೀ ಮೊದಲ ತಿನ್ನು," ಎಂದರು.

ತಿಂದೆ. ಅವರು ಒಂದು ಗುಳಿಗೆ ನುಂಗಿದರು. ಇನ್ನೊಂದಕ್ಕೆ ಮತ್ತೆ ನನ್ನ ಕೈ ನೋಡಿದರು. ಹೀಗೆ ಅವರ ಪ್ರತಿ ಗುಳಿಗೆಗೆ ನನ್ನದೊಂದು ತುತ್ತು ಎಂದಾಯಿತು. ಕೊನೆಯದನ್ನು ನುಂಗಿ ಮುಖ ಕಿವಿಚಿ, ನಿನ್ನ ಪಾಲೇ ರುಚಿ ಇದ್ದಂತೆ ಕಾಣುತ್ತದೆ ಎಂದು ಎದ್ದು ಹೋದರು. ಮರುದಿನ ಕಾಕು ನೀರಿನ ನಲ್ಲಿಯ ಹತ್ತಿರ ನನ್ನ ಹೆಂಡತಿಗೆ ಪಿಸುಗುಟ್ಟಿದ್ದರಂತೆ, ಕೆಂಪಗೆ ಹೋಯಿತು ಎಂದು.

ಓದುವವರಿಗೆ ಇದು ನಗೆಯ ವಿಷಯ ಅನ್ನಿಸಬಹುದು. ತಿಂಗಳುಗಟ್ಟಲೆ, ಹಲ್ಲುಜ್ಜಿದ ಬಾಯಿಗೆ ಇನ್ನೂ ಚಾ ಬೀಳುವ ಮೊದಲು, ಹಸಿವಿಲ್ಲದ ಹೊತ್ತಿನಲ್ಲಿ ಒಣ ರೊಟ್ಟಿ ಜಗಿದು ನೋಡಿ. ಜ್ವರ ಬಂದ ದಿನವೂ ಜಗಿದಿದ್ದೇನೆ. ದೂರದ ಕೆಲಸ ಒಪ್ಪಿಕೊಳ್ಳುವ ಹಾಗಿರಲಿಲ್ಲ, ಆ ಮೂರು ದಿನ ತಡವಾಗಿ ಹೋಗುವುದಕ್ಕೆ ಮಾಲೀಕರ ಮುಂದೆ ಸುಳ್ಳು ಹೇಳಬೇಕಿತ್ತು. ಕಾಯಿಲೆಯ ಹೆಸರು ಹೇಳಿದರೆ ನಮ್ಮ ಇಡೀ ತಂಡದವರನ್ನು ಒಳಗೆ ಬಿಡುತ್ತಿರಲಿಲ್ಲ. ಶ್ರಾವಣ ಬಂತು. ಶ್ರಾವಣ ಸೋಮವಾರ ನಾನು ತಿಳಿವಳಿಕೆ ಬಂದಾಗಿನಿಂದ ಸಂಜೆಯವರೆಗೆ ಏನೂ ಮುಟ್ಟಿದವನಲ್ಲ. ಹೆಂಡತಿ ಬುತ್ತಿ ಕಟ್ಟಲಿಲ್ಲ. ಕಾಕಾ ಬಂದು ನನ್ನ ಖಾಲಿ ಕೈ ನೋಡಿ, ಇವತ್ತು ಇಬ್ಬರದೂ ಉಪವಾಸ ಆಗಲಿ ಎಂದರು. ಅವರ ದನಿಯಲ್ಲಿ ಎಂಥ ಹಗುರ ಇತ್ತೆಂದರೆ ನನಗೆ ಹೆದರಿಕೆಯಾಯಿತು. ಎದುರಿನ ಬೇಕರಿಯಿಂದ ಬನ್ನು ತಂದು ಅವರ ಮುಂದೆ ಕೂತು ತಿಂದೆ. ಮನೆಯಲ್ಲಿ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮುಂದಿನ ಸೋಮವಾರ ಆಕೆಯೇ ಒಂದು ಡಬ್ಬಿಯಲ್ಲಿ ಅವಲಕ್ಕಿ ಇಟ್ಟಿದ್ದಳು. ದೇವರ ಹತ್ತಿರ ನಾನು ಹೇಳಿಕೊಂಡಿದ್ದೇನೆ, ನೀನು ಸುಮ್ಮನೆ ತಿನ್ನು ಎಂದಳು.

ಕಾಕಾಗೆ ಮೈ ತುಂಬತೊಡಗಿತು. ಕೆಮ್ಮು ಹೋಯಿತು. ಸಿಸ್ಟರು ಖುಷಿಪಡಲಿಲ್ಲ, ಇನ್ನು ಮುಂದೆಯೇ ನಿಜವಾದ ಕಷ್ಟ, ಎರಡು ಸಲವೂ ಇವರು ಇಂಥ ಹೊತ್ತಿನಲ್ಲೇ ಬಿಟ್ಟಿದ್ದು ಎಂದರು. ಹಾಗೇ ಆಯಿತು. ಒಂದು ಶುಕ್ರವಾರ ಕಾಕಾ ಬರಲಿಲ್ಲ. ಕೋಣೆಗೆ ಹೋದರೆ ಕಾಕು ತಲೆ ತಗ್ಗಿಸಿ, ರಿಚರ್ಡ್ಸ್ ಟೌನಿನಲ್ಲಿ ಹಳೆಯ ಗಿರಾಕಿಯೊಬ್ಬರ ಜಗಲಿಗೆ ಕಲ್ಲು ಕೂರಿಸಲು ಹೋಗಿದ್ದಾರೆ ಎಂದರು. ಧೂಳಿನ ಹತ್ತಿರ ಸುಳಿಯಕೂಡದೆಂದು ಡಾಕ್ಟರು ಹೇಳಿ ಕಳಿಸಿದ್ದರು.

ಆ ದಿನದ ಗುಳಿಗೆ ಜೇಬಿಗೆ ಹಾಕಿಕೊಂಡು, ಬುತ್ತಿ ಹಿಡಿದು, ಎರಡು ಬಸ್ಸು ಬದಲಿಸಿ ಹೋದೆ. ಕಾಕಾ ಜಗಲಿಯ ಮೇಲೆ ಮಂಡಿಯೂರಿ ಕೂತು, ಕಲ್ಲು ಸಮ ಇದೆಯೋ ಎಂದು ರಸಮಟ್ಟ ಇಟ್ಟು ಅದರ ಗುಳ್ಳೆ ನೋಡುತ್ತಿದ್ದರು. ಇಬ್ಬರು ಗೊತ್ತಿಲ್ಲದ ಆಳುಗಳು, ಬಾಗಿಲಲ್ಲಿ ಮನೆಯ ಅಮ್ಮ. ನಾನು ಮೆಟ್ಟಿಲ ಮೇಲೆ ಕೂತು ರೊಟ್ಟಿ ಬಿಚ್ಚಿದೆ. ಕಾಕಾ ತಲೆ ಎತ್ತಿ ನೋಡಿದರು, ನಾನೇ ಎಂದು ಗೊತ್ತಾದ ಮೇಲೆ ಮತ್ತೆ ಗುಳ್ಳೆ ನೋಡಿದರು.

"ಮಂದಿ ಮುಂದ ಬ್ಯಾಡ," ಎಂದರು ಸಣ್ಣಗೆ.

"ಮಂದಿ ಮುಂದನ ಕುಂತೀನಿ ನಾನೂ."

"ಸಂಜಿಕಡಿ ಬರ್ತೀನಿ. ಆಣಿ."

"ಬ್ಯಾಡ ಕಾಕಾ. ನಾ ಸಂಜಿತನ ಇಲ್ಲೇ ಕೂಡ್ತೀನಿ, ರೊಟ್ಟಿ ಬಿಚ್ಚಿ."

ಮನೆಯ ಅಮ್ಮ ತಮಿಳಿನಲ್ಲಿ ಆಳುಗಳನ್ನು ಏನೋ ಕೇಳಿದರು. ಅವರು ನಕ್ಕರು. ಕಾಕಾ ಎದ್ದು, ಕೈ ತೊಳೆದು ಬಂದು ನನ್ನ ಎದುರಿಗೆ ಕೂತರು. ನಾನು ತುತ್ತು ಬಾಯಿಗಿಟ್ಟೆ. ಅವರು ಗುಳಿಗೆ ಬಾಯಿಗಿಟ್ಟರು. ಆಳುಗಳು ನಗು ನಿಲ್ಲಿಸಿ ನೋಡತೊಡಗಿದರು. ನನ್ನ ಕಿವಿ ಬಿಸಿಯಾಗಿತ್ತು, ಅವರದು ಹೇಗಿತ್ತೋ. ಕೊನೆಯ ಗುಳಿಗೆ ಇಳಿದ ಮೇಲೆ ಕರಣೆಯನ್ನು ನನ್ನ ಕಡೆ ತಳ್ಳಿ, ಹಾಗಾದರೆ ಉಳಿದದ್ದು ನೀನೇ ಮಾಡು ಎಂದರು. ಸಂಜೆಯವರೆಗೆ ನಾನು ಕಲ್ಲು ಕೂರಿಸಿದೆ. ಅವರು ಮೆಟ್ಟಿಲ ಮೇಲೆ ಬಾಯಿಗೆ ಟವೆಲ್ಲು ಹಿಡಿದು ಕೂತು ಪ್ರತಿ ಕಲ್ಲಿಗೂ ತಪ್ಪು ಹುಡುಕಿದರು. ಎರಡನ್ನು ಕಿತ್ತು ಮತ್ತೆ ಹಾಕಿಸಿದರು. ಎರಡೂ ಸರಿಯಾಗಿಯೇ ಇದ್ದವು.

ಅದರ ನಂತರ ಅವರು ತಪ್ಪಿಸಲಿಲ್ಲ. ಡಬ್ಬಿ ಬರಿದಾಯಿತು, ಕಫದಲ್ಲಿ ಕ್ರಿಮಿ ಇಲ್ಲ ಎಂದು ಬಂತು. ಸಿಸ್ಟರು ಎದೆಯ ಫೋಟೋ ಹಿಡಿದು ನನ್ನನ್ನು ಹೊರಗೆ ಕರೆದು ಹೇಳಿದರು, ಕಾಯಿಲೆ ಹೋಗಿದೆ, ಆದರೆ ಕಲ್ಲಿನ ಪುಡಿ ತಿಂದ ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಅದಕ್ಕೆ ಗುಳಿಗೆ ಇಲ್ಲ. ಮತ್ತೆ ಧೂಳಿಗೆ ಹೋದರೆ ಇಷ್ಟು ದಿನ ಮಾಡಿದ್ದೆಲ್ಲ ನೀರುಪಾಲು.

ವಾರದ ಮೇಲೆ ಕಾಕಾ ಶೆಡ್ಡಿಗೆ ಬಂದರು. ಒಗೆದ ಅಂಗಿ ಹಾಕಿದ್ದರು. ಸುತ್ತ ಒರಗಿಸಿದ್ದ ಕಲ್ಲುಗಳನ್ನು ಒಂದೊಂದಾಗಿ ಬೆರಳ ಗಿಣ್ಣಿನಿಂದ ಬಡಿದು ನೋಡಿ, ಕೊನೆಗೆ ಕೇಳಿದರು.

"ಕೂಲಿ ಏನೂ ಬ್ಯಾಡ. ಇಲ್ಲಿ ಒಂದು ಮೂಲ್ಯಾಗ ಕುಂದ್ರತೀನಿ. ಹುಡುಗರಿಗಿ ಹೇಳಿಕೊಟ್ಟರ ಸಾಕಲ್ಲ?"

ಮಿಷನ್ನು ಓಡುತ್ತಿತ್ತು. ಬಾಗಿಲಿನಿಂದ ಬಂದ ಬಿಸಿಲಿನ ಕೋಲಿನಲ್ಲಿ ಧೂಳು ತುಂಬಿತ್ತು. ಅವರಿಗೂ ಕಾಣುತ್ತಿತ್ತು.

"ಬ್ಯಾಡ ಕಾಕಾ," ಎಂದೆ.

"ಬದುಕಿಸಿದಿ," ಎಂದರು. "ಬದುಕಿ ಏನ್ ಮಾಡ್ಲಿ ಅಂತ ಹೇಳಂಗಿಲ್ಲ ನೀ."

ಬಯ್ದಂತೆ ಹೇಳಲಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಂತೆ ಹೇಳಿದರು. ಎದ್ದು ರಸ್ತೆ ದಾಟಿ ಹೋದರು. ನಾನು ಹಿಂದೆ ಹೋಗಲಿಲ್ಲ. ಆಮೇಲೆ ಅವರು ಬಹಳ ವರ್ಷ ಇದ್ದರು, ಕಾಕು ತರಕಾರಿ ಮಾರಿ ಮನೆ ನಡೆಸಿದರು, ಮೊಮ್ಮಕ್ಕಳನ್ನು ಕಾಕಾನೇ ಶಾಲೆಗೆ ಬಿಟ್ಟು ಬರುತ್ತಿದ್ದರು. ಶೆಡ್ಡಿನ ಮುಂದೆ ಹೋಗುವಾಗ ಮಾತ್ರ ಆಚೆ ಬದಿಯ ಫುಟ್‌ಪಾತಿನಲ್ಲೇ ಹೋಗುತ್ತಿದ್ದರು. ಧೂಳಿಗೆ ಹೆದರಿಯೇ ಇರಬೇಕು ಎಂದುಕೊಂಡು ನಾನು ನನ್ನ ಕೆಲಸ ನೋಡುತ್ತಿದ್ದೆ.