ಅರವತ್ತೊಂದು ಬಾವಿಗಳ ಅಕ್ಕ

ಬೆಳಕು ಹರಿಯುವ ಹೊತ್ತು. ಬಾವಿಕಟ್ಟೆಗೆ ಬಗ್ಗಿ ನಿಂತ ಹೆಂಗಸಿನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಬಕೆಟ್ಟು, ಬಕೆಟ್ಟಿನೊಳಗೆ ಉರಿಯುವ ಮೇಣದಬತ್ತಿ. ಕೆಳಗಿಳಿಯುವ ಬತ್ತಿಯನ್ನು ಅವರು ಎವೆಯಿಕ್ಕದೆ ನೋಡುತ್ತಾರೆ. ನೀರಿನ ಹತ್ತಿರ ಹೋದರೂ ಅದು ಆರದಿದ್ದರೆ ಒಳಗೆ ಉಸಿರಾಡಬಹುದು. ಆರಿತೋ, ಆ ದಿನ ಇಳಿಯುವ ಮಾತೇ ಇಲ್ಲ. ಇವತ್ತು ಆರಿಲ್ಲ. ಆದರೂ ಸೊಂಟಕ್ಕೆ ಬಿಗಿದ ಹಗ್ಗದ ಗಂಟನ್ನು ಮತ್ತೆ ಮತ್ತೆ ಎಳೆದು ನೋಡುತ್ತಾರೆ.

"ಇಪ್ಪತ್ತಾರು ವರ್ಷದಿಂದ ಇಳೀತಿದೀನಿ. ಭಯ ಹೋಗಿಲ್ಲ. ಹೋದ ದಿನ ಈ ಕೆಲಸ ಬಿಡ್ತೀನಿ" ಎನ್ನುತ್ತಾರೆ, ಬಾವಿಗಳ ಹೂಳು ತೆಗೆಯುವ, ಊರೆಲ್ಲ ಬಾವಿಯಕ್ಕ ಎಂದು ಕರೆಯುವ ಇವರು. ಹಗ್ಗದ ಇನ್ನೊಂದು ತುದಿ ಗಂಡನ ಕೈಯಲ್ಲಿ. ಮನೆಯಲ್ಲಿ ಎಷ್ಟೇ ಜಗಳವಾಗಲಿ, ಬಾವಿಕಟ್ಟೆ ಹತ್ತುವ ಮುಂಚೆ ರಾಜಿಯಾಗಲೇಬೇಕೆಂಬುದು ಹೆಂಡತಿಯ ಕರಾರು. ಗಂಡನಿಗೆ ಬೇರೆ ದಾರಿಯೂ ಇಲ್ಲ.

ಹತ್ತು ತಿಂಗಳ ಹಿಂದೆ ಚಂಡಮಾರುತ ಬೀಸಿದಾಗ ಸಮುದ್ರ ಊರೊಳಗೆ ನುಗ್ಗಿ ಅರವತ್ತೊಂದು ಬಾವಿಗಳನ್ನೂ ತುಂಬಿಸಿತು. ನೀರಿನ ಮೇಲೆ ಸತ್ತ ಮೀನು, ಡೀಸೆಲ್, ಯಾರದೋ ಮನೆಯ ಬಾಗಿಲು. ಊರಿನವರೇ ಸೇರಿ ಬಾವಿಗಳನ್ನು ಉಳಿಸಿಕೊಳ್ಳಲು ಹೊರಟಾಗ ಎಲ್ಲರೂ ಇವರ ಮುಖ ನೋಡಿದರು.

ಎಡವಟ್ಟಾದದ್ದು ಅಲ್ಲೇ. ಮೊದಲು ಕೈಹಾಕಿದ್ದು ಸ್ವಂತ ತಂಗಿಯ ಮನೆಯ ಬಾವಿಗೆ. ಹೂಳು ತೆಗೆಯುವಾಗ ಮಾಡುವಂತೆಯೇ ಎರಡು ಪಂಪು ಹಚ್ಚಿ ಒಂದೇ ದಿನದಲ್ಲಿ ತಳ ಕಾಣಿಸಿದರು. ಖಾಲಿಯಾದ ಬಾವಿ ಸಮುದ್ರದ ಕಡೆಯಿಂದಲೇ ನೀರು ಎಳೆದುಕೊಂಡಿತು. ಮೂರನೇ ದಿನಕ್ಕೆ ನೀರು ಮೊದಲಿಗಿಂತ ಉಪ್ಪು. ಒಂದು ಬದಿಯ ಗೋಡೆಯೂ ಕುಸಿಯಿತು. ತಂಗಿಯ ಸಂಸಾರ ದೂರದ ಬಾಡಿಗೆ ಕೋಣೆ ಸೇರಿತು. "ಅವಳು ಒಂದು ಮಾತೂ ಆಡ್ಲಿಲ್ಲ. ಪಾತ್ರೆ ಕಟ್ಕೊಂಡು ಹೋದ್ಲು" ಎಂದು ಹೇಳುವಾಗ ಬಾವಿಯಕ್ಕ ಮಾತಾಡಿಸಲು ಬಂದ ನಮ್ಮ ಮುಖ ನೋಡುವುದಿಲ್ಲ.

ಆಮೇಲೆ ಯಾವ ಬಾವಿಗೂ ಪಂಪು ತಾಕಿಸಿಲ್ಲ. ಮನೆಗಳು ಸರದಿ ಹಾಕಿಕೊಂಡು ಪ್ರತಿ ಬಾವಿಯಿಂದ ದಿನಕ್ಕೆ ಇಪ್ಪತ್ತು ಕೊಡ ಮಾತ್ರ ಸೇದುತ್ತವೆ. ಅಂಗಳಕ್ಕೆ ಸುರಿದರೆ ಉಪ್ಪು ಇಂಗಿ ಮತ್ತೆ ಬಾವಿಗೇ ಬರುತ್ತದೆ. ಹಾಗಾಗಿ ಹೊತ್ತುಕೊಂಡು ಹೋಗಿ ಸಮುದ್ರ ಸೇರುವ ಚರಂಡಿಗೆ ಚೆಲ್ಲಬೇಕು. ಇಪ್ಪತ್ತೊಂದನೇ ಕೊಡ ಎತ್ತಿ ಬಾವಿಯಕ್ಕನ ಬಾಯಿಗೆ ಸಿಕ್ಕವರು ಎರಡನೇ ಸಲ ಆ ತಪ್ಪು ಮಾಡುವುದಿಲ್ಲ. ಮಿಕ್ಕ ಉಪ್ಪನ್ನು ಮಳೆ ತೊಳೆಯುತ್ತಿದೆ. ಇವರು ವಾರಕ್ಕೆ ಆರು ಬಾವಿ ಇಳಿದು ಕೆಸರು ಎತ್ತುತ್ತಾರೆ. ಈವರೆಗೆ ಮೂವತ್ತೆಂಟು ಬಾವಿಗಳು ಸಿಹಿಯಾಗಿವೆ.

ತಂಗಿಯ ಬಾವಿ ಇನ್ನೂ ಆಗಿಲ್ಲ. ಕುಸಿದ ಗೋಡೆಯನ್ನು ಬಾವಿಯಕ್ಕನೇ ಕಲ್ಲು ಜೋಡಿಸಿ ಕಟ್ಟಿದ್ದಾರೆ, ಕಟ್ಟೆಯನ್ನು ಎರಡು ಮೊಳ ಎತ್ತರಿಸಿದ್ದಾರೆ. ನಾಲಿಗೆಗೆ ಉಪ್ಪು ಕಡಿಮೆಯಾಗುತ್ತಿದೆ. ಆದರೆ ಬಿರುಗಾಳಿಯ ಕಾಲಕ್ಕೆ ಉಳಿದಿರುವುದು ಆರೇ ವಾರ. ಇನ್ನೊಮ್ಮೆ ಸಮುದ್ರ ನುಗ್ಗಿದರೆ ಮನೆ ಮಾರಿಬಿಡುತ್ತೇನೆಂದು ತಂಗಿಯ ಗಂಡ ಹೇಳಿಕಳಿಸಿದ್ದಾನೆ.

ಅಂದಿನಿಂದ ರೇಡಿಯೊದಲ್ಲಿ ಹವಾಮಾನದ ಸುದ್ದಿ ಶುರುವಾದರೆ ಬಾವಿಯಕ್ಕ ಎದ್ದು ಹೊರಗೆ ಹೋಗುತ್ತಾರೆ. ಗಾಳಿಗೆ ಕಿಟಕಿ ಬಡಿದರೂ ಅಂಗಳಕ್ಕೆ ಓಡಿ ಸಮುದ್ರದ ಕಡೆ ನೋಡುತ್ತಾರೆ. "ಬಾವಿಯೊಳಗಿನ ಭಯಕ್ಕೆ ಹಗ್ಗ ಇದೆ. ಇದಕ್ಕೆ ಏನು ಹಿಡ್ಕೊಳ್ಲಿ?" ಎಂದು ಕೇಳುತ್ತಾರೆ.

ಊರಿನವರು ಸನ್ಮಾನ ಮಾಡುತ್ತೇವೆಂದರೆ ಬೇಡ ಅಂದರಂತೆ. ಮತ್ತೇನು ಬೇಕು ಎಂದರೆ, ಒದ್ದೆ ಸೆರಗು ಹಿಂಡುತ್ತಾ ಹೇಳುತ್ತಾರೆ:

"ತಂಗಿ ಬಂದು ಅವಳ ಬಾವೀಲಿ ಒಂದು ಕೊಡ ಸೇದ್ಲಿ. ನನ್ನ ಬೈಕೊಂಡೇ ಸೇದ್ಲಿ. ನಾನು ಅಲ್ಲೇ ನಿಂತು ಕೇಳಿಸ್ಕೊತೀನಿ."