ಕಾರ್ಡಿನ ಮೇಲಿನ ನಾಲ್ಕು ಶಬ್ದ

ನಿನ್ನೆ ಒಣದ್ರಾಕ್ಷಿ ಕಟ್ಟಿಕೊಟ್ಟಿದ್ದ ಹಳೆ ಪತ್ರಿಕೆಯ ಮೇಲೆ ‘ಕ್ರಿಪ್ಟೋ’ ಎಂಬ ದಪ್ಪಕ್ಷರ ಕಂಡು ನನ್ನ ಕೈ ತಡೆಯಿತು. ಅದು ಈಗಿನ ಕಾಲದ ಯಾವುದೋ ಹಣವಂತೆ. ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದ್ದೀತು. ನನಗಂತೂ ಆ ಎರಡಕ್ಷರ ಕಂಡರೆ ಇಂದಿಗೂ ಬಾಯಿ ಒಣಗುತ್ತದೆ.

ತುರ್ತು ಪರಿಸ್ಥಿತಿಯ ದಿನಗಳವು. ನಾನು ತಿಕೋಟಾದ ಮನೆಯಲ್ಲೇ ಕುಳಿತು ಬಿ.ಎ. ಪರೀಕ್ಷೆಗೆ ಓದುತ್ತಿದ್ದೆ. ಇಂಗ್ಲಿಷ್ ಎಂದರೆ ಜ್ವರ. ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ದಸ್ತಗೀರ ಮಾಸ್ತರರೆಂಬ ನಿವೃತ್ತ ಶಿಕ್ಷಕರಿದ್ದರು. ರವಿವಾರ ಅಪ್ಪ ನನ್ನನ್ನು ಬಸ್ಸಿನಲ್ಲಿ ಅವರ ಮನೆಗೆ ಕರೆದೊಯ್ಯುತ್ತಿದ್ದ. ವಾರದ ನಡುವೆ ಮಾಸ್ತರರು ಒಂದೇ ಮೂಲದ ನಾಲ್ಕು ಶಬ್ದ, ಅವುಗಳ ಅರ್ಥ ಬರೆದು ಅಂಚೆ ಕಾರ್ಡು ಹಾಕುತ್ತಿದ್ದರು. ಅಕ್ಷರ ಎಷ್ಟು ದುಂಡಗಿರುತ್ತಿತ್ತೆಂದರೆ ನಾನು ಓದುವುದನ್ನು ಬಿಟ್ಟು ಬರೀ ನೋಡುತ್ತ ಕೂರುತ್ತಿದ್ದೆ. ಮೊದಲ ಸಲ ಫೇಲಾಗಲು ಅದೂ ಒಂದು ಕಾರಣ.

ಒಂದು ವಾರ ಕಾರ್ಡು ಬರಲಿಲ್ಲ, ಪೇದೆ ಬಂದ. ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಪಟ್ಟಣದ ಠಾಣೆಗೆ ಬರಬೇಕೆಂದು ಅಪ್ಪನಿಗೆ ಹೇಳಿ ಹೋದ. ಬಸ್ಸಿನಲ್ಲಿ ಅಪ್ಪ ಟಿಕೀಟನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದ. ನನ್ನ ಎದೆಯಲ್ಲಿ ಬೇರೆಯೇ ಭಯವಿತ್ತು. ಹಿಂದಿನ ರವಿವಾರ ನೀರು ಕುಡಿಯಲು ಒಳಗೆ ಹೋದಾಗ, ಮಾಸ್ತರರ ತಮ್ಮನ ಮಗ ಒಳಕೋಣೆಯಲ್ಲಿ ಊಟಕ್ಕೆ ಕುಳಿತಿದ್ದ. ಗಡ್ಡ ಬಿಟ್ಟಿದ್ದರೂ ಗುರುತು ಸಿಕ್ಕಿತು. ರೈಲ್ವೆ ಮುಷ್ಕರದಲ್ಲಿ ಮುಂದಿದ್ದ ಅವನನ್ನು ಪೊಲೀಸರು ಹುಡುಕುತ್ತಿದ್ದರು. ನನ್ನನ್ನು ಕಂಡು ಅವನ ತುತ್ತು ಕೈಯಲ್ಲೇ ಉಳಿದಿತ್ತು.

ಠಾಣೆಯ ಸಾಹೇಬರ ಮೇಜಿನ ಮೇಲೆ, ಅಂಚೆಯಲ್ಲೇ ತಡೆಹಿಡಿದಿದ್ದ ನನ್ನ ಕಾರ್ಡಿತ್ತು. ‘ಕ್ರಿಪ್ಟೋಗ್ರಾಂ: ಗುಪ್ತಲಿಪಿಯ ಸಂದೇಶ’ ಎಂಬುದರ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಒಂದೊಂದನ್ನೂ ಬಿಡಿಸಿ ಹೇಳೆಂದರು. ಇವೆಲ್ಲ ‘ಅಡಗಿದ್ದು’ ಎಂಬ ಗ್ರೀಕ್ ಮಾತಿನಿಂದ ಬಂದವೆಂದು ಹೇಗೋ ಶುರು ಮಾಡಿದೆ. ಕ್ರಿಪ್ಟಿಕ್ ಎಂದರೆ ಗೂಢವಾದದ್ದು. ಕ್ರಿಪ್ಟೋಗ್ಯಾಮ್ ಎಂದರೆ ಹೂ ಬಿಡದ ಸಸ್ಯ, ಅದರ ಮದುವೆ ಗುಟ್ಟಾಗಿ ಆಗುತ್ತದೆ ಎನ್ನುವಾಗ ಕಿವಿ ಬಿಸಿಯಾದವು. ಬಾಗಿಲಲ್ಲಿದ್ದ ಪೇದೆ ನಕ್ಕ. ಕೊನೆಯ ಶಬ್ದದ ಅರ್ಥ ಕಾರ್ಡಿನಲ್ಲಿದ್ದರೂ ಬಿಡಿಸಿ ಹೇಳುವುದು ಹೇಗೆಂದು ತೋಚಲಿಲ್ಲ. ಕಿಟಕಿಯಾಚೆ ದೂರದ ಗುಮ್ಮಟ ಕಂಡಿತು.

“ಗೋಳಗುಮ್ಮಟದಾಗ ಮ್ಯಾಲ ಕಾಣೋ ಗೋರಿ ಖರೇವಲ್ರಿ. ಖರೇ ಗೋರಿ ಕೆಳಗ ನೆಲಮಾಳಿಗ್ಯಾಗ ಅದಾವ್ರಿ. ಅಂಥಾ ನೆಲಮಾಳಿಗಿಗೆ ಕ್ರಿಪ್ಟ್ ಅಂತಾರ್ರಿ.”

ಸಾಹೇಬರ ಮುಖ ಸಡಿಲಾಯಿತು. ಕಾರ್ಡನ್ನು ನನ್ನತ್ತ ಸರಿಸಿದರು. ಇನ್ನೇನು ಏಳಬೇಕು, ಆಗ ಕೇಳಿದರು: “ಮಾಸ್ತರ ಮನ್ಯಾಗ ಬ್ಯಾರೆ ಯಾರರ ಅದಾರೇನು?”

“ಯಾರನ್ನೂ ನೋಡಿಲ್ರಿ.”

ಅಷ್ಟು ಹೊತ್ತು ನಡುಗಿದ ದನಿ ಆ ಸುಳ್ಳಿಗೆ ಮಾತ್ರ ನಡುಗಲಿಲ್ಲ. ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಎರಡು ರವಿವಾರ ಬಿಟ್ಟು ಹೋದಾಗ ಒಳಕೋಣೆ ಖಾಲಿಯಿತ್ತು. ಮಾಸ್ತರರನ್ನೂ ಠಾಣೆಗೆ ಕರೆಸಿ, ನಾನು ಹೇಳಿದ್ದನ್ನು ಹೇಳಿ ವಿಚಾರಿಸಿದ್ದರಂತೆ. ಅವತ್ತು ಅವರು ಪುಸ್ತಕ ತೆರೆಯಲಿಲ್ಲ.

“ಅಂವಾ ಪಾರಾದ, ಮಗಳ. ಆದ್ರ ನನ್ನ ಸಲುವಾಗಿ ನೀ ಸುಳ್ಳ ಹೇಳೂಹಂಗಾತು. ಅದು ನಾ ಮಾಡಿದ ತಪ್ಪು.”



ತುರ್ತು ಪರಿಸ್ಥಿತಿ ಮುಗಿದ ಮೇಲೆ ಆ ತರುಣ ಮರಳಿ ಬಂದ. ನೌಕರಿ ಸಿಗಲಿಲ್ಲ; ಸೈಕಲ್ ರಿಪೇರಿ ಅಂಗಡಿ ಇಟ್ಟ. ನಾನು ಇಂಗ್ಲಿಷಿನಲ್ಲಿ ಅಂಚಿನಲ್ಲಿ ಪಾಸಾದೆ. ಎಷ್ಟೋ ವರ್ಷದ ಮೇಲೆ, ಹಾಸಿಗೆ ಹಿಡಿದಿದ್ದ ಅಪ್ಪ ತಾನಾಗಿಯೇ ಆ ಮಾತು ತೆಗೆದ. “ಆ ರವಿವಾರ ಮಾಸ್ತರ ಮನಿ ಕಿಡಕ್ಯಾಗಿಂದ ನಾನೂ ಆ ಹುಡುಗನ್ನ ನೋಡಿದ್ನವ್ವ. ಠಾಣ್ಯಾಗ ನೀ ಎಲ್ಲಿ ಹೇಳಿಬಿಡ್ತಿಯೋ ಅಂತ ಜೀವ ಹೋಗಿತ್ತು.”

ಅಪ್ಪನೂ ಮಾಸ್ತರರೂ ಈಗಿಲ್ಲ. ಇದನ್ನು ನಾನು ಇನ್ನಾರಿಗೂ ಹೇಳಿರಲಿಲ್ಲ. ಬೆಳಗಿನಿಂದ ಕುಳಿತು ಬರೆಯುತ್ತಿದ್ದಾಗ ಗೇಟು ಸದ್ದಾಯಿತು. ಥಟ್ಟನೆ ಹಾಳೆಯನ್ನು ಅಂಗೈಯಿಂದ ಮುಚ್ಚಿದೆ. ಬಂದವನು ಹಾಲಿನವನು. ಹಾಳೆಯನ್ನು ಮೇಜಿನ ಮೇಲೆ ತೆರೆದೇ ಇಟ್ಟು, ಪಾತ್ರೆ ಹಿಡಿದು ಹೊರಗೆ ಹೋದೆ.